ಬೆಳಗಿನ ಎಂಟೂವರೆಯ ಮಳೆ

ನಮ್ಮ ಮನೆಯಲ್ಲಿ ಒಂದೇ ಮಳೆಗೆ ಎರಡು ಹೆಸರಿರುತ್ತಿದ್ದವು. ಸಂಜೆ ಸುರಿದದ್ದು ಅವ್ವನಿಗೆ ಭರಣಿ ಮಳೆ. ಮಾರನೆಯ ಬೆಳಿಗ್ಗೆ ಅಪ್ಪನಿಗೆ ಅದೇ ಹದಿನಾಲ್ಕು ಮಿಲಿಮೀಟರ್. ಅವ್ವ ವರ್ಷವನ್ನು ನಕ್ಷತ್ರಗಳ ಮೇಲೆ ನಡೆಸುತ್ತಿದ್ದಳು. ಹದಿನಾಲ್ಕು ದಿನಕ್ಕೊಂದು ನಕ್ಷತ್ರ ಹುಟ್ಟುತ್ತಿತ್ತು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಅವಳು ಆ ಹೆಸರುಗಳನ್ನು ತವರಿನ ಅಕ್ಕತಂಗಿಯರನ್ನು ಕರೆಯುವ ಸಲಿಗೆಯಲ್ಲಿ ಹೇಳುತ್ತಿದ್ದಳು. ಈ ಸಲ ಕೃತ್ತಿಕೆ ಮುನಿಸಿಕೊಂಡಿದ್ದಾಳೆ, ಹಸ್ತ ಬಂದರೂ ನಿಲ್ಲಲಿಲ್ಲ, ಹೀಗೆ. ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ಮುದ್ದೆ ಮುರಿಯುತ್ತ, "ಬಂದವ್ಳು ಎಷ್ಟ್ ಬಂದ್ಲು ಅಂತ ಏಳು ನೋಡಾನ" ಎನ್ನುತ್ತಿದ್ದ. ಅವ್ವನಿಗೆ ರೇಗುತ್ತಿತ್ತು.

"ಬಾವಿ ನೋಡಿ, ಒಲ ನೋಡಿ, ಗೊತ್ತಾಯ್ತದೆ. ಮಳೆನ ಸೀಸೇಲಿ ಇಡ್ದು ಅಳೀತಾರಾ ಯಾರಾದ್ರೂ? ಅದೇನ್ ಎಣ್ಣೆನಾ?"

ಸೀಸೆಯಲ್ಲಿ ಹಿಡಿದು ಅಳೆಯುವುದೇ ಅಪ್ಪನ ಕೆಲಸವಾಗಿತ್ತು. ಚಿಕ್ಕಬಾಣಾವರದ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ರಸ್ತೆಯಾಚೆ ಒಂದು ಸರ್ಕಾರಿ ತೋಟ. ಅಪ್ಪ ಅಲ್ಲಿ ಮಾಲಿಗಳ ಪೈಕಿ ಒಬ್ಬ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ, ಅಂಕಿ ಚೆನ್ನಾಗಿ ಬರೆಯುತ್ತಿದ್ದ. ಅದಕ್ಕೇ ಮಳೆ ಅಳೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ತೋಟದ ನಡುವೆ ಮುಳ್ಳುತಂತಿ ಬಿಗಿದ ಒಂದು ತುಂಡು ನೆಲ, ಅದರಲ್ಲಿ ಅರ್ಧ ಹೂತಿಟ್ಟ ಡಬ್ಬ, ಡಬ್ಬದ ಬಾಯಿಗೆ ಹಿತ್ತಾಳೆ ಅಂಚಿನ ಆಲಿಕೆ, ಒಳಗೊಂದು ಸೀಸೆ. ದಿನಾ ಬೆಳಿಗ್ಗೆ ಎಂಟೂವರೆಗೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ, ಸೀಸೆಯ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಎಷ್ಟು ಗೀಟು ಬಂತೆಂದು ರಿಜಿಸ್ಟರಿನಲ್ಲಿ ಬರೆಯಬೇಕು. ಮಳೆ ಬರದಿದ್ದರೂ ಹೋಗಬೇಕು, ತೆಗೆದು ನೋಡಬೇಕು, ಸೊನ್ನೆ ಬರೆಯಬೇಕು. ನೋಡದೆ ಬರೆದ ಸೊನ್ನೆ ಸುಳ್ಳು ಸೊನ್ನೆ ಎಂಬುದು ಅಪ್ಪನ ಮಾತು. ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಗಾಜಿನ ಲೋಟದಲ್ಲಿ ನೀರು ಅಂಚಿಗೆ ಹತ್ತಿಕೊಂಡು ನಡುವೆ ತಗ್ಗಾಗಿರುತ್ತದೆ. ಅಂಚನ್ನಲ್ಲ, ತಗ್ಗನ್ನು ನೋಡಬೇಕು, ಅದೂ ಮಂಡಿಯೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು. ಮುಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೇಷ್ಟರು ಇದನ್ನೇ ಹೇಳಿಕೊಟ್ಟಾಗ ಇಡೀ ತರಗತಿಯಲ್ಲಿ ಮೊದಲೇ ಗೊತ್ತಿದ್ದವಳು ನಾನೊಬ್ಬಳೇ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. ಆದರೆ ಓದಿನ ಆಸೆ ಹುಟ್ಟಿದ್ದು ಶಾಲೆಯಲ್ಲಿ ಅಂದರೆ ಸುಳ್ಳಾಗುತ್ತದೆ. ಅದು ಹುಟ್ಟಿದ್ದು ಎರಡು ಅಂಕಣದ ಆ ಮನೆಯಲ್ಲಿ, ಅವ್ವ ಅಪ್ಪನ ಮಳೆ ಜಗಳದ ನಡುವೆ. ಮುಂದಿನ ಅಂಕಣಕ್ಕೆ ಹೆಂಚು, ಹಿಂದಿನ ಅಡಿಗೆಮನೆಗೆ ಕಲ್ನಾರು ಶೀಟು. ಆಷಾಢದ ಗಾಳಿಗೆ ಶೀಟು ಎದ್ದು ಎದ್ದು ಬಡಿಯುತ್ತಿತ್ತು, ಅದರ ಮೇಲೆ ಹೇರಿದ ಕಲ್ಲುಗಳು ಉರುಳಿದ ಸದ್ದಿಗೆ ನಾವು ಊಟದ ನಡುವೆ ತಲೆ ಬಗ್ಗಿಸುತ್ತಿದ್ದೆವು. ಮಾರ್ಗಶಿರದಲ್ಲಿ ಬಾಗಿಲು ತೆಗೆದರೆ ಎದುರು ಮನೆ ಕಾಣದಷ್ಟು ಇಬ್ಬನಿ. ಆ ಇಬ್ಬನಿ ಕುಡಿದರೇ ಅವರೆಕಾಯಿಗೆ ಸೊಗಡು ಎಂದು ಅವ್ವ ಕಾಯಿಯನ್ನು ಮೂಸಿ ಮೂಸಿ ಆರಿಸಿ, ಬೆರಳು ಜೋಮು ಹಿಡಿಯುವ ತನಕ ನಮ್ಮಿಂದ ಕಾಳು ಹಿಚುಕಿಸುತ್ತಿದ್ದಳು. ಶಿವರಾತ್ರಿ ಕಳೆದ ಮೇಲೆ ಬಿಸಿಲು. ಆಗ ಅವ್ವ ಮೂರು ಗುರುತು ನೋಡುತ್ತಿದ್ದಳು. ಉಪ್ಪಿನ ಜಾಡಿ ಬೆವೆತಿದೆಯೇ, ಇರುವೆ ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿವೆಯೇ, ಸ್ಟೇಷನ್ನಿನ ಗೂಡ್ಸ್ ರೈಲಿನ ಸದ್ದು ನಮ್ಮ ಹಿತ್ತಲಲ್ಲೇ ಬಂದಂತೆ ಕೇಳುತ್ತಿದೆಯೇ. ಮೂರೂ ಕೂಡಿದರೆ ಸೌದೆಯನ್ನು ಒಳಗೆ ಸೇರಿಸುತ್ತಿದ್ದಳು. ಎಷ್ಟೋ ಸಲ ಮಳೆ ಬರುತ್ತಿತ್ತು. ಬಾರದ ದಿನಗಳನ್ನು ಅವಳು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನಾನು ಇಟ್ಟುಕೊಳ್ಳುತ್ತಿದ್ದೆ, ಅದಕ್ಕೆ ಬೈಸಿಕೊಳ್ಳುತ್ತಿದ್ದೆ.

ಬೀದಿಯ ಜನಕ್ಕೆ ಮಾತ್ರ ಅಪ್ಪನ ಮೇಲೆ ಒಂದು ತಪ್ಪು ನಂಬಿಕೆಯಿತ್ತು. ಮಳೆ ಅಳೆಯುವವನಿಗೆ ಮಳೆ ಬರುವುದೂ ಗೊತ್ತಿರುತ್ತದೆ ಎಂದು. ಹಪ್ಪಳ ಹರವುವವರು, ಹುಣಸೆಹಣ್ಣು ಒಣಗಿಸುವವರು, ಮಗುವಿಗೆ ಮುಡಿ ಕೊಡಲು ಹೊರಟವರು, ಎಲ್ಲರೂ ನಮ್ಮ ಜಗಲಿಗೆ ಬಂದು, "ಅನ್ಮಂತಣ್ಣ, ನಾಳಿಕ್ ಎಂಗೈತೆ?" ಎಂದು ಕೇಳುವರು. ಹನುಮಂತಯ್ಯ ಎಂಬ ಪೂರಾ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಅಪ್ಪ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದ.

"ಬಿದ್ದಿದ್ ಕೇಳಿ, ಏಳ್ತೀನಿ. ಬೀಳೋದು ನಂಗೇನ್ ಗೊತ್ತು?"

ಇದನ್ನು ಅವರು ನಂಬುತ್ತಿರಲಿಲ್ಲ. ಸರ್ಕಾರದ ಗುಟ್ಟು, ಹೇಳಬಾರದು ಅಂತ ಕಟ್ಟುನಿಟ್ಟು ಮಾಡಿರಬೇಕು ಎಂದುಕೊಂಡು ಹೋಗುತ್ತಿದ್ದರು. ಪಕ್ಕದ ಮನೆ ಪುಟ್ಟಮ್ಮತ್ತೆಯ ರೇಡಿಯೋದಲ್ಲಿ ಸಂಜೆ ಹವಾಮಾನ ಬರುತ್ತಿತ್ತು. ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆಯಾಗುವ ಸಂಭವವಿದೆ ಎಂದು ಅದು ಗಂಭೀರವಾಗಿ ಹೇಳಿದ ಕೂಡಲೇ ಪುಟ್ಟಮ್ಮತ್ತೆ ಗೋಡೆಯಾಚೆಯಿಂದ ಕೂಗುವರು.

"ಕೆಲವೆಡೆ ಅಂದ್ರೆ ಯಾವ್ ಕಡೆ ಮಾರಾಯ? ನಮ್ಮನೆ ಮ್ಯಾಗೋ, ನಿಮ್ಮನೆ ಮ್ಯಾಗೋ?"

ನಮ್ಮವರಲ್ಲದಿದ್ದರೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಮಗಳು ಸರೋಜಕ್ಕನನ್ನು ಬೆಳೆಸಿದವರು. ಬೀದಿಯಲ್ಲಿ ನಮ್ಮ ಅವ್ವ ಎದುರಾಡದೆ ಕೇಳುತ್ತಿದ್ದದ್ದು ಅವರ ಮಾತೊಂದನ್ನೇ.

ತೋಟದ ರಿಜಿಸ್ಟರಿನಿಂದ ತಿಂಗಳಿಗೊಂದು ಹಾಳೆ ಪೇಟೆಯ ಆಫೀಸಿಗೆ ಹೋಗುತ್ತಿತ್ತು. ಅದರ ಕಾರ್ಬನ್ ಪ್ರತಿಯನ್ನು ವರ್ಷದ ಕೊನೆಗೆ ಗುಮಾಸ್ತರು ಒಲೆಗೆ ಹಾಕಿಕೊಳ್ಳಿ ಎಂದು ಕೊಟ್ಟುಬಿಡುತ್ತಿದ್ದರು. ಅಪ್ಪನಿಗೆ ಒಲೆಗೆ ಹಾಕಲು ಮನಸ್ಸಾಗಲಿಲ್ಲ. ದೇವರ ಪಟದ ಪಕ್ಕ ಒಂದು ಕಂಬಿ ಬಗ್ಗಿಸಿ ತೂಗುಹಾಕಿ, ಹಾಳೆಗಳನ್ನು ಅದಕ್ಕೆ ಚುಚ್ಚುತ್ತ ಬಂದ. ನಾನು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅಲ್ಲಿ ಒಂಬತ್ತು ವರ್ಷದ ಮಳೆ ತೂಗುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ನಾನು ಅದನ್ನೆಲ್ಲ ಇಳಿಸಿ, ಒಂದು ಉದ್ದ ನೋಟ್ ಬುಕ್ಕಿನಲ್ಲಿ ಹೊಸದಾಗಿ ಬರೆದೆ. ಎಡಗಡೆ ಮೇಲಿನಿಂದ ಕೆಳಕ್ಕೆ ತಾರೀಕುಗಳು, ಅಡ್ಡಕ್ಕೆ ಒಂಬತ್ತು ಮನೆ, ವರ್ಷಕ್ಕೊಂದು. ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಅವ್ವನ ನಕ್ಷತ್ರಗಳು. ಒಂದು ಸಾಲಿನ ಮೇಲೆ ಬೆರಳು ಜಾರಿಸಿದರೆ ಆ ತಾರೀಕು ಒಂಬತ್ತು ವರ್ಷ ಹೇಗಿತ್ತೆಂದು ಗೊತ್ತಾಗುತ್ತಿತ್ತು. ಅವ್ವ ಕೂಡ ಬಂದು ಬಗ್ಗಿ ನೋಡಿದಳು. ಅವಳಿಗೆ ಓದು ಬರದು. ರೋಹಿಣಿ ಎಲ್ಲಿ ಎಂದು ಕೇಳಿ, ಕೆಂಪು ಗೆರೆಯ ಮೇಲೆ ಕೈಯಿಟ್ಟು, "ಇಷ್ಟೇನಾ?" ಎಂದಳು. ಅವಳ ದನಿಯಲ್ಲಿ ಗೌರವವಿತ್ತೋ ನಿರಾಶೆಯಿತ್ತೋ ಇವತ್ತಿಗೂ ಹೇಳಲಾರೆ. ಅಪ್ಪ ಮಾತ್ರ ಬುಕ್ಕನ್ನು ಕೈಯಲ್ಲಿ ತೂಗಿ ನೋಡಿ, ಒಳ್ಳೇ ಅಕ್ಷರ ಎಂದು ಹೇಳಿ ಕೊಟ್ಟುಬಿಟ್ಟ. ಅದನ್ನು ಹೇಗೆ ಓದಬೇಕೆಂದು ಅವನನ್ನು ಕೇಳಬಹುದಾಗಿತ್ತು. ನಾನು ಕೇಳಲಿಲ್ಲ. ಅಪ್ಪನಿಗಿಂತ ಐದು ಕ್ಲಾಸು ಮುಂದಿದ್ದೆ, ಕೇಳುವುದೇನಿದೆ ಎಂದುಕೊಂಡೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ನಮ್ಮ ಶಾಲೆಯ ಹುಡುಗಿಯರಲ್ಲಿ ಮೊದಲ ದರ್ಜೆ ನನ್ನೊಬ್ಬಳದೇ. ಆ ಸಂಜೆ ಮನೆಯಲ್ಲಿ ಪಾಯಸವೂ ಆಯಿತು, ಜಗಳವೂ ಆಯಿತು. ಕಾಲೇಜು ಇದ್ದದ್ದು ಪೇಟೆಯಲ್ಲಿ. ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಅರ್ಧ ಗಂಟೆ ನಡೆಯಬೇಕು. ಸಂಜೆಯ ರೈಲು ಎಷ್ಟೊತ್ತಿಗೆ ಬರುತ್ತದೆಂದು ಸ್ಟೇಷನ್ ಮಾಸ್ತರಿಗೂ ಗೊತ್ತಿರುತ್ತಿರಲಿಲ್ಲ. ಅವ್ವ ಪಾಯಸ ಬಡಿಸುವ ಸೌಟನ್ನು ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ಅತ್ತನೇ ಕ್ಲಾಸ್ ಆಯ್ತು, ಸಾಕು. ನಮ್ಮೋರಲ್ಲಿ ಇಷ್ಟ್ ಓದಿರೋ ಗಂಡೇ ಸಿಕ್ತಿಲ್ಲ, ಇನ್ನೂ ಮ್ಯಾಕ್ ಓದಿದ್ರೆ ಯಾವನಿಗ್ ಕೊಡಾನ? ಸಂಜೆ ಮಳೆ ಇಡ್ಕಂಡು ರೈಲು ನಿಂತೋದ್ರೆ ಯಾರ್ ಮನೆ ಸೂರಡಿ ನಿಂತ್ಕೊತೀಯೇ?"

"ಸ್ಟೇಷನ್ ಸೂರಡಿ," ಎಂದೆ.

"ನೋಡಿದ್ರಾ, ಅತ್ತಕ್ಕೇ ಬಾಯಿ ಇಷ್ಟುದ್ದ ಆಗೈತೆ."

ಮನೆಯೊಳಗಿನ ವಿಷಯದಲ್ಲಿ ಅವ್ವನ ಮಾತು ಮೀರುವ ಅಭ್ಯಾಸ ಅಪ್ಪನಿಗಿರಲಿಲ್ಲ. ಅರ್ಜಿ ಕೊಡಲು ಮೂರು ವಾರ ಉಳಿದಿತ್ತು. ನಾನು ಅತ್ತು ಕರೆದು ಮಾಡಲಿಲ್ಲ, ಅದರಿಂದ ಅವ್ವ ಕರಗುವವಳಲ್ಲ. ನನಗೆ ಬೇಕಾದದ್ದು ಅವಳು ಕೇಳುವಂಥವರೊಬ್ಬರ ಬಾಯಿ.

ಅದೇ ವಾರ ಪುಟ್ಟಮ್ಮತ್ತೆ ನಮ್ಮ ಜಗಲಿಗೆ ಬಂದರು. ಸರೋಜಕ್ಕನಿಗೆ ಗಂಡು ಗೊತ್ತಾಗಿತ್ತು, ಬಾಗಲಗುಂಟೆ ಕಡೆಯವರು. ಮದುವೆ ಮನೆಮುಂದೆಯೇ, ಬೀದಿಗೆ ಅಡ್ಡಲಾಗಿ ಚಪ್ಪರ ಹಾಕಿ. ಶಾಸ್ತ್ರಿಗಳು ಎರಡು ಮುಹೂರ್ತ ಕೊಟ್ಟಿದ್ದರು, ಬರುವ ಗುರುವಾರ, ಇಲ್ಲವೇ ಅದರ ಮಾರನೆಯ ಶುಕ್ರವಾರ. ಎರಡೂ ಒಂದೇ ಸಮ ಒಳ್ಳೆಯವು, ನಿಮಗೆ ಅನುಕೂಲವಾದದ್ದು ಹಿಡಿಯಿರಿ ಎಂದಿದ್ದರು. ರೋಹಿಣಿ ಹುಟ್ಟುವ ಸಮಯ, ತೆಂಗಿನ ಗರಿಯ ಚಪ್ಪರ, ಬೀದಿಯಲ್ಲಿ ಪಂಕ್ತಿ. ಮಳೆ ಬಂದರೆ ಮಾನ ಹೋದಂತೆ. ಅಪ್ಪ ತೋಟದಲ್ಲಿದ್ದ. ನಾನು ಕಂಬದ ಪಕ್ಕ ಕೂತು ಅವರೇಬೇಳೆ ಆರಿಸುತ್ತಿದ್ದೆ.

"ನಿಮ್ಮಪ್ಪನ್ ಕೇಳಿದ್ರೆ ಬಿದ್ದಿದ್ದು ಬೀಳೋದು ಅಂತ ರಾಗ ಎಳೀತಾನೆ. ನೀನ್ ಓದಿರೋಳು. ನಿನ್ ಬುಕ್ಕಲ್ಲಿ ಏನಾದ್ರೂ ಐತಾ ನೋಡವ್ವ."

ಮೊದಲ ಸಲ ದೊಡ್ಡವರೊಬ್ಬರು ನನ್ನನ್ನು ಕೇಳಿದ್ದರು. ಬುಕ್ಕು ತಂದು ತೊಡೆಯ ಮೇಲೆ ಬಿಡಿಸಿದೆ. ಗುರುವಾರದ ತಾರೀಕಿನ ಸಾಲಿನ ಮೇಲೆ ಬೆರಳು ಜಾರಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ. ಒಂದೇ ಒಂದು ವರ್ಷ ಬಿಟ್ಟು ಸಾಲಿಡೀ ಸೊನ್ನೆ. ಅದರ ಕೆಳಗಿನ ಶುಕ್ರವಾರದ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಮಳೆ, ಅದೂ ದೊಡ್ಡ ದೊಡ್ಡ ಅಂಕಿ. ಇಷ್ಟು ಸ್ಪಷ್ಟವಾಗಿ ಉತ್ತರ ಸಿಗುತ್ತದೆಂದು ನಾನೇ ಎಣಿಸಿರಲಿಲ್ಲ.

"ಗುರುವಾರ ಇಟ್ಕೊಳ್ಳಿ ಅತ್ತೆ. ಶುಕ್ರವಾರ ಬೇಡವೇ ಬೇಡ."

"ಗಟ್ಟಿಯಾಗ್ ಏಳ್ತಿದೀಯ?"

"ಬರೆದಿಟ್ಟಿದೆ ಅತ್ತೆ. ನೋಡಿ, ಸೊನ್ನೆ."

ಅವರು ಸೊನ್ನೆಗಳನ್ನು ನೋಡಿದರು. ಸೊನ್ನೆ ಓದಲು ಓದು ಬರಬೇಕಾಗಿಲ್ಲ. ನನ್ನ ಗಲ್ಲ ಸವರಿ ಲಟಿಕೆ ಮುರಿದರು. "ಇಷ್ಟ್ ಬುದ್ಧಿ ಇರೋಳ್ನ ಅವರೇಬೇಳೆ ಆರಿಸೋಕ್ ಕೂರ್ಸವ್ಳಲ್ಲ ನಿಮ್ಮವ್ವ. ಮದ್ವೆ ಒಂದ್ ಮುಗೀಲಿ, ಕಾಲೇಜಿನ್ ಮಾತು ನಾನೇ ಆಡ್ತೀನಿ. ನನ್ ಮಾತ್ ತೆಗೆದಾಕಲ್ಲ ಅವ್ಳು." ಅಂದು ರಾತ್ರಿ ಊಟದಲ್ಲಿ ವಿಷಯ ತಿಳಿದ ಅಪ್ಪ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತ, "ಬುಕ್ಕು ಇರೋದು ಬಿದ್ದಿದ್ದಕ್ಕೆ ಕಣವ್ವ" ಎಂದಷ್ಟೇ ಹೇಳಿದ. ನಾನು ಅದನ್ನು ಅವನ ಹಳೆಯ ರಾಗ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಧಾರೆ ಸುಸೂತ್ರವಾಗಿ ಮುಗಿಯಿತು. ಮೂರು ಪಂಕ್ತಿ ಎದ್ದವು. ಪುಟ್ಟಮ್ಮತ್ತೆ ತುಪ್ಪದ ಗಿಂಡಿ ಹಿಡಿದು ಓಡಾಡುತ್ತ ನನ್ನನ್ನು ಕಂಡಾಗಲೆಲ್ಲ ಕಣ್ಣಲ್ಲೇ ನಗುತ್ತಿದ್ದರು. ನಾಲ್ಕನೆಯ ಪಂಕ್ತಿ ಗಂಡಿನ ಕಡೆಯ ಹೆಂಗಸರದು. ಎಲೆಗೆ ಪಾಯಸ ಬಿದ್ದ ಹೊತ್ತಿಗೆ ಹೆಸರಘಟ್ಟದ ದಿಕ್ಕಿನಿಂದ ಮೋಡ ಎದ್ದಿತು. ಗಾಳಿ ಬಂತು, ಚಪ್ಪರದ ಗರಿ ತಲೆಕೆದರಿತು. ಮಳೆ ಹನಿಹನಿಯಾಗಿ ಶುರುವಾಗಲಿಲ್ಲ, ಒಮ್ಮೆಗೇ ಮೇಲಿಂದ ಸುರಿದುಬಿಟ್ಟಿತು. ಎಲೆಗಳು ಎದ್ದು ಹಾರಿದವು. ಸಾರಿನ ಕೊಳಗಕ್ಕೆ ಗರಿಯ ನೀರು ದಾರವಾಗಿ ಇಳಿಯಿತು. ರೇಷ್ಮೆ ಸೀರೆಯವರು ಹಸುವಿನ ಕೊಟ್ಟಿಗೆಗೆ ನುಗ್ಗಿದರು, ಹಸುಗಳು ಹೊರಗೆ ಬಂದು ನೆನೆದವು. ನಾನು ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಯಾರೂ ನನ್ನತ್ತ ನೋಡಲಿಲ್ಲ. ಎಲ್ಲರೂ ನೋಡಿದ್ದು ಸರೋಜಕ್ಕನನ್ನು. ಅಕ್ಕಿ ತಿನ್ನುವ ಹುಡುಗಿಯ ಮದುವೆಯಲ್ಲಿ ಮಳೆ ಬರುತ್ತದೆಂದು ನಮ್ಮ ಕಡೆ ಹೇಳುತ್ತಾರಲ್ಲ, ಅದನ್ನು ಹಿಡಿದುಕೊಂಡರು. ಗಂಡಿನ ತಾಯಿ ಕೊಟ್ಟಿಗೆಯಲ್ಲಿ ನಿಂತು ಸೀರೆಯ ಸೆರಗು ಹಿಂಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು.

"ಎಷ್ಟ್ ಸೇರು ಅಸಿ ಅಕ್ಕಿ ಮುಕ್ಕವ್ಳೋ ನಮ್ ಸೊಸೆ! ಇನ್ಮೇಲೆ ನಮ್ಮನೆ ಅಕ್ಕಿ ಮೂಟೆಗೆ ಬೀಗ ಆಕ್ಬೇಕು."

ಜನ ನಕ್ಕರು. ತಮಾಷೆಯಂತೆಯೇ ಇತ್ತು. ಆದರೆ ಸರೋಜಕ್ಕ ತಲೆ ತಗ್ಗಿಸಿದ್ದು ನಾಚಿಕೆಗಲ್ಲ. ಆ ಮಾತು ಅವಳ ಹಿಂದೆಯೇ ಆ ಮನೆಗೆ ಹೋಗಲಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಅಪ್ಪನ ಹಿಂದೆ ತೋಟಕ್ಕೆ ಹೋದೆ. ಬುಕ್ಕು ಕಂಕುಳಲ್ಲಿತ್ತು. ಅಪ್ಪ ಡಬ್ಬ ತೆಗೆದು ಸೀಸೆಯ ನೀರನ್ನು ಲೋಟಕ್ಕೆ ಬಗ್ಗಿಸಿ, ಮಂಡಿಯೂರಿ ನೋಡಿದ. ಲೋಟ ಎರಡು ಸಲ ತುಂಬಿತು. ಆಮೇಲೆ ರಿಜಿಸ್ಟರು ತೆಗೆದು, ಶುಕ್ರವಾರದ ತಾರೀಕಿನ ಮುಂದೆ ಅಂಕಿ ಬರೆದ. ಗುರುವಾರದ ಮುಂದೆ ಅವನು ನಿನ್ನೆ ಬರೆದ ಸೊನ್ನೆ ಹಾಗೇ ಇತ್ತು.

"ಅಪ್ಪ, ಮಳೆ ಬಂದಿದ್ದು ನಿನ್ನೆ."

"ಊ."

"ಇವತ್ತಿನ ತಾರೀಕಿಗೆ ಬರೀತಿದೀಯ."

"ಅಳ್ದಿದ್ ಇವತ್ತಲ್ವೇನವ್ವ? ಅಳ್ದಿದ್ ದಿನಕ್ಕೇ ಬರಿಯೋದು. ಎಲ್ಲಾ ಕಡೆ ಅಂಗೇ ಬರೀತಾರೆ."

ನಾನು ಬುಕ್ಕು ಬಿಡಿಸಿದೆ. ಶುಕ್ರವಾರದ ತಾರೀಕಿನ ಸಾಲಿನ ದೊಡ್ಡ ದೊಡ್ಡ ಅಂಕಿಗಳೆಲ್ಲ ಅದರ ಹಿಂದಿನ ಸಂಜೆಯ, ಅಂದರೆ ಗುರುವಾರದ ತಾರೀಕಿನ ಮಳೆಗಳು. ನಮ್ಮ ಕಡೆ ಬೇಸಿಗೆಯ ಮಳೆ ಬರುವುದೇ ಮಧ್ಯಾಹ್ನದ ಮೇಲೆ. ಒಂಬತ್ತು ವರ್ಷದಲ್ಲಿ ಮತ್ತೆ ಮತ್ತೆ ಮಳೆ ಸುರಿದ ದಿನವನ್ನೇ ಹೆಕ್ಕಿ, ಇದೇ ಒಣ ದಿನ ಎಂದು ಕೈಯಿಟ್ಟು ತೋರಿಸಿದ್ದೆ. ಒಂಬತ್ತು ವರ್ಷದ ಲೆಕ್ಕದಿಂದ ಹತ್ತನೆಯದನ್ನು ಗಟ್ಟಿಯಾಗಿ ಹೇಳಲಾಗದು ಎಂಬುದು ಮುಂದೆ ಸಂಖ್ಯಾಶಾಸ್ತ್ರ ಓದುವಾಗ ತಿಳಿಯಿತು. ಅದು ಬೇರೆ ಮಾತು. ಇದು ಮೊದಲ ಮೆಟ್ಟಿಲಲ್ಲೇ ಎಡವಿದ್ದು. ದಿನಾ ಬರೆಯುವವನು ಮುದ್ದೆ ತಿನ್ನುತ್ತ ಎದುರಿಗೆ ಕೂತಿದ್ದಾಗ ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಅಪ್ಪ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೈಯಲಿಲ್ಲ. ಲೋಟವನ್ನು ಟವೆಲಿನಲ್ಲಿ ಒರೆಸಿಟ್ಟು, "ಎಣ್ಣು ಕಳ್ಸೋದು ಅತ್ತ್ ಗಂಟೆಗಂತೆ" ಎಂದ. ಅಷ್ಟೇ.

ಹೇಳಿದರೆ ಪುಟ್ಟಮ್ಮತ್ತೆಯ ಬೆಂಬಲ ಹೋಗುತ್ತದೆ, ಕಾಲೇಜು ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ನಡೆಯುತ್ತದೆ, ರೋಹಿಣಿ ಮೋಸ ಮಾಡಿದಳು ಎಂದು ಅವ್ವನೇ ಆಗಲೇ ಹೇಳಿಯಾಗಿತ್ತು, ಪುಟ್ಟಮ್ಮತ್ತೆ ಒಪ್ಪಿಯೂ ಆಗಿತ್ತು. ತೋಟದಿಂದ ಮನೆಯವರೆಗಿನ ಇಪ್ಪತ್ತು ನಿಮಿಷವನ್ನು ನಾನು ನಡೆದದ್ದು ಒಂದು ಗಂಟೆ. ಹೋಗಿ ನೋಡಿದರೆ ಹೆಣ್ಣು ಕಳಿಸುವ ಸಡಗರ. ಸರೋಜಕ್ಕನ ಮಡಿಲಿಗೆ ಅಕ್ಕಿ ತುಂಬುತ್ತಿದ್ದರು. ಗಂಡಿನ ತಾಯಿ ಮತ್ತೆ ಶುರು ಮಾಡಿದರು.

"ನೋಡ್ಕಳ್ರಪ್ಪಾ, ದಾರೀಲೇ ಮುಕ್ಬಿಟ್ಟಾಳು. ನಮ್ಮೂರಲ್ಲೂ ಮಳೆ ಬಂದೀತು."

ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಮಳೆಗೆ ಸರೋಜಕ್ಕ ಕಾರಣ ಅಲ್ಲ, ನಾನು. ಗುರುವಾರ ಮಳೆ ಬರಲ್ಲ ಅಂತ ದಿನ ಹೇಳಿಕೊಟ್ಟವಳು ನಾನು. ಬುಕ್ಕು ಸರಿಯಾಗಿದೆ, ನಾನು ಓದಿದ್ದು ತಪ್ಪು. ಗುರುವಾರ ಸಂಜೆ ಬಿದ್ದ ಮಳೆನ ಶುಕ್ರವಾರದ ತಾರೀಕಿಗೆ ಬರೆದಿರ್ತಾರೆ. ನಾನು ಅದನ್ನ ತಿಳ್ಕೊಳ್ಲಿಲ್ಲ." ಸಾಲುಗಳನ್ನು ತೋರಿಸಿದೆ. ಬೀಗಿತ್ತಿ ಬುಕ್ಕನ್ನೂ ನನ್ನನ್ನೂ ನೋಡಿ, "ಅಯ್ಯೋ ಶಿವನೇ, ಈ ಮೂರಡಿ ಉಡುಗಿ ಮಾತ್ ಕೇಳಿ ಮದ್ವೆ ಇಟ್ರಾ ನೀವು?" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರು. ಅವರಿಗೀಗ ಸೊಸೆಗಿಂತ ದೊಡ್ಡ ತಮಾಷೆ ಸಿಕ್ಕಿತ್ತು. ಅಕ್ಕಿಯ ಮಾತು ಅಲ್ಲಿಗೆ ಬಿದ್ದುಹೋಯಿತು. ಸರೋಜಕ್ಕ ತಲೆಯೆತ್ತಿದಳು. ಪುಟ್ಟಮ್ಮತ್ತೆ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿ, ಮಗಳ ಸೆರಗು ಸರಿಮಾಡಲು ತಿರುಗಿದರು. ಇನ್ನು ಅವರು ನನ್ನ ಪರ ಮಾತಾಡುವುದಿಲ್ಲ ಎಂದು ಆ ಬೆನ್ನು ನೋಡಿಯೇ ಗೊತ್ತಾಯಿತು. ಆಡಲೂ ಇಲ್ಲ.

ಸಂಜೆ ಅವ್ವ ಮದುವೆಮನೆಯ ಕೊಳಗ ತಿಕ್ಕುತ್ತಿದ್ದಳು. ನಾನು ನೀರು ಹೊಯ್ಯುತ್ತಿದ್ದೆ. ಬೈಗುಳಕ್ಕೆ ಕಾಯುತ್ತಿದ್ದೆ. ಅವ್ವ ಹುಣಸೆಹಣ್ಣಿನ ಕೈಯನ್ನು ಕೊಳಗದೊಳಗೆ ಆಡಿಸುತ್ತ, ಹಿತ್ತಲಲ್ಲಿ ಬೀಡಿ ಸೇದುತ್ತಿದ್ದ ಅಪ್ಪನಿಗೆ ಕೇಳುವಂತೆ ಹೇಳಿದಳು.

"ಅರ್ಧ ಓದಿ ಊರಿಗೆಲ್ಲ ದಿನ ಏಳೋಕ್ ಒಂಟ್ಲು. ಇಂಗೇ ಬಿಟ್ರೆ ಇನ್ನ್ ಎಷ್ಟ್ ಮನೆ ಮದ್ವೆ ನೆನಸ್ತಾಳೋ. ಇನ್ನರ್ಧನೂ ಓದಿ ಸಾಯ್ಲಿ. ಅರ್ಜಿ ಎಲ್ ಕೊಡ್ತಾರೆ ಕೇಳ್ಕಂಡ್ ಬನ್ನಿ."

ಅರ್ಜಿ ಕೊಡುವ ದಿನ ಅಪ್ಪನಿಗೆ ಎಂಟೂವರೆ ಬಿಟ್ಟು ಬರಲಾಗಲಿಲ್ಲ. ಬಂದವಳು ಅವ್ವನೇ. ಅದೇ ಮೊದಲ ಸಲ ಅವಳು ಬೆಳಗಿನ ರೈಲು ಹತ್ತಿದ್ದು. ಯಶವಂತಪುರದ ತನಕ ಕಿಟಕಿಯ ಕಂಬಿ ಬಿಡಲಿಲ್ಲ. ಕಾಲೇಜಿನ ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತರೊಬ್ಬರು ನನ್ನ ಅಂಕಪಟ್ಟಿ ತಿರುವಿ ನೋಡಿ, "ಹುಡುಗಿಗೆ ಯಾವ ವಿಷಯ ಕೊಡಿಸ್ತೀರಮ್ಮ?" ಎಂದು ಕೇಳಿದರು. ಅವ್ವ ಸೆರಗನ್ನು ಬಿಗಿಯಾಗಿ ಹೊದ್ದು ಕಿಟಕಿಗೆ ಹತ್ತಿರ ಬಾಗಿದಳು.

"ಮದ್ವೆಗೆ ದಿನ ತಪ್ಪಾಗ್ ಏಳ್ದಂಗಿರೋದು ಯಾವ್ದೈತೋ ಅದ್ ಕೊಡಿ ಸ್ವಾಮಿ."

ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಣಿತ, ಎಂದೆ.